ಒಟ್ಟು ವಿಸ್ತೀರ್ಣವೂ ಉಳಿದ ವಿಸ್ತೀರ್ಣವೂ: ಗಣಕದ ಮೆಮೊರಿ ಎಣಿಕೆಯನ್ನು ಕುರಿತು

(ಸವಣೂರಿನ ದತ್ತಿ ಉಪನ್ಯಾಸದ ಮುದ್ರಿತ ಪಾಠ)

ಎರಡು ಅಂಕಿಗಳ ಪ್ರಶ್ನೆ

ಗಣಕಯಂತ್ರದೊಳಗೆ ಕೂಡಿಸಿದ ಮೆಮೊರಿಯ ಪ್ರಮಾಣವೂ ಆ ಯಂತ್ರವು ತನ್ನ ಪರದೆಯ ಮೇಲೆ ಒಪ್ಪಿಕೊಳ್ಳುವ ಪ್ರಮಾಣವೂ ಎಲ್ಲ ಸಂದರ್ಭಗಳಲ್ಲಿ ಒಂದೇ ಆಗಿರುವುದಿಲ್ಲ. 4 ಗಿಗಾಬೈಟ್ ಕೂಡಿಸಿದ ಯಂತ್ರವು ಬಳಸಲು ಬರುವುದು 3.25 ಗಿಗಾಬೈಟ್ ಎಂದು ತೋರಿಸುತ್ತದೆ. 8 ಗಿಗಾಬೈಟ್ ಇರುವಲ್ಲಿ 7.8 ಎಂದೋ 5.9 ಎಂದೋ ಕಾಣಿಸುತ್ತದೆ. ಎರಡು ಮೆಮೊರಿ ಪಟ್ಟಿಗಳನ್ನು ಹಾಕಿದ್ದರೂ ಒಂದು ಪಟ್ಟಿ ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅರ್ಧದಷ್ಟೇ ಎಣಿಕೆಗೆ ಬರುವುದೂ ಉಂಟು. ಹಣ ಕೊಟ್ಟು ತಂದ ವಸ್ತುವಿನ ಒಂದು ಭಾಗ ಲೆಕ್ಕದಿಂದ ಜಾರಿದಾಗ ಅಂಗಡಿಯವನು ಕಡಿಮೆ ಕೊಟ್ಟನೆಂಬ ಸಂಶಯ ಮೊದಲು ಹುಟ್ಟುತ್ತದೆ, ವಸ್ತುವೇ ಕೆಟ್ಟಿದೆಯೆಂಬ ಅನುಮಾನ ಅದರ ಹಿಂದೆ ಬರುತ್ತದೆ. ಎರಡೂ ಕೆಲವೊಮ್ಮೆ ನಿಜವಾಗಬಹುದಾದರೂ, ವಸ್ತು ಪೂರ್ತಿಯಾಗಿಯೂ ಸುಸ್ಥಿತಿಯಲ್ಲಿಯೂ ಇದ್ದು, ಅದನ್ನು ಕರೆಯಲು ಬೇಕಾದ ಸಂಖ್ಯೆ ಮಾತ್ರ ಯಂತ್ರದಲ್ಲಿ ಉಳಿಯದೆ ಹೋಗಿರುವ ಸಂದರ್ಭಗಳು ಬಹಳ. ಈ ಉಪನ್ಯಾಸದ ಹೆಚ್ಚಿನ ಭಾಗ ಅಂಥ ಸಂದರ್ಭಗಳ ವಿವರಣೆಗೇ ಮೀಸಲಾಗಿದೆ.

ಒಂದೇ ವಸ್ತುವಿಗೆ ಎರಡು ಅಂಕಿಗಳನ್ನು ಬರೆಯುವ ಕ್ರಮ ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಸೀಮೆಯ ರೈತರಿಗೆ ಹೊಸದಲ್ಲ. ಊರಿನಲ್ಲಿ ಉತಾರ ಎಂದು ಕರೆಯಲಾಗುವ, ಸರ್ಕಾರಿ ಭಾಷೆಯಲ್ಲಿ ಪಹಣಿ ಎನಿಸಿಕೊಳ್ಳುವ ಹಕ್ಕುದಾಖಲೆಯ ವಿಸ್ತೀರ್ಣದ ಅಂಕಣದಲ್ಲಿ ಮೊದಲು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣವನ್ನು ಎಕರೆ, ಗುಂಟೆಗಳಲ್ಲಿ ಬರೆದು, ಅದರ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂಬ ಎರಡು ಕಳೆಯುವ ಬಾಬುಗಳನ್ನು ತೋರಿಸಿ, ಕೊನೆಗೆ ಉಳಿದದ್ದು ಎಷ್ಟೆಂದು ಹೇಳಲಾಗುತ್ತದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ, ಅಳತೆಯ ಕಾಲಕ್ಕೆ ಬೇಸಾಯಕ್ಕೆ ಯೋಗ್ಯವಲ್ಲವೆಂದು ತೀರ್ಮಾನವಾದ ನೆಲವೂ, ಹೊಲದ ಒಡೆಯನ ಕಟ್ಟಡ ಮತ್ತು ಕಣ ಇರುವ ಜಾಗವೂ ‘ಅ’ ಖರಾಬಿನಲ್ಲಿ ಸೇರುತ್ತವೆ. ದಾರಿ, ಹಳ್ಳ, ಸ್ಮಶಾನ ಮೊದಲಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು ‘ಬ’ ಖರಾಬಾಗುತ್ತದೆ. ಒಟ್ಟು ವಿಸ್ತೀರ್ಣ ಸುಳ್ಳಲ್ಲ, ಉಳಿದ ವಿಸ್ತೀರ್ಣವೂ ಸುಳ್ಳಲ್ಲ. ನಡುವಿನ ಅಂತರ ಯಾವ ಬಾಬಿನಲ್ಲಿ ಹೋಯಿತೆಂಬುದೇ ತಿಳಿಯಬೇಕಾದ ವಿಷಯ. ಗಣಕವು ಒಟ್ಟನ್ನೂ ಉಳಿದದ್ದನ್ನೂ ಹೇಳಿ, ನಡುವಿನ ಬಾಬುಗಳನ್ನು ಬಹುಮಟ್ಟಿಗೆ ಬಿಡಿಸಿ ಹೇಳದಿರುವುದರಿಂದಲೇ ಗೊಂದಲ ಹುಟ್ಟುತ್ತದೆ. ಆ ಬಾಬುಗಳನ್ನು ಒಂದೊಂದಾಗಿ ಬಿಡಿಸಿ ನೋಡಲು ಉತಾರದ ಅಂಕಣಗಳನ್ನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿದೆ.

ಮೆಮೊರಿ ಎಂಬ ಹೆಸರು

ಸವಣೂರಿನ ದೊಡ್ಡಹುಣಸೆ ಕಲ್ಮಠದ ಹೆಸರಾಂತ ಬೃಹತ್ ಮರಗಳಿಗೆ ಜನ ದೊಡ್ಡ ಹುಣಸೆ ಎಂದೇ ಹೆಸರಿಟ್ಟಿದ್ದಾರಾದರೂ, ಸಸ್ಯಶಾಸ್ತ್ರದ ಪ್ರಕಾರ ಅವು ಹುಣಸೆಯ ಕುಲಕ್ಕೆ ಸೇರಿದವಲ್ಲ, ಆಫ್ರಿಕ ಮೂಲದ ಬಾವೋಬಾಬ್ ಮರಗಳು. ಮೆಮೊರಿ ಎಂಬ ಪದದ ಬಳಕೆಯಲ್ಲಿಯೂ ಇಂಥದೇ ಬೆರಕೆ ನಡೆದಿದೆ. ಫೋಟೊ, ಕಡತ, ಹಾಡುಗಳನ್ನು ಶಾಶ್ವತವಾಗಿ ಇಡುವ ಡಿಸ್ಕನ್ನೂ ಜನ ಮೆಮೊರಿ ಎನ್ನುತ್ತಾರೆ. ಯಂತ್ರ ಓಡುತ್ತಿರುವಷ್ಟು ಹೊತ್ತು ಮಾತ್ರ ವಿಷಯವನ್ನು ಹಿಡಿದಿಟ್ಟುಕೊಂಡು ವಿದ್ಯುತ್ ಹೋದೊಡನೆ ಖಾಲಿಯಾಗುವ ರ‍್ಯಾಮ್ ಎಂಬ ಭಾಗವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಇಲ್ಲಿ ಚರ್ಚೆಗೆ ತೆಗೆದುಕೊಂಡಿರುವುದು ಎರಡನೆಯದು.

ಇವೆರಡರ ಭೇದವನ್ನು ತಾಲ್ಲೂಕು ಕಚೇರಿಯ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಹಿಂದೆ ಕುಲಕರ್ಣಿಯ, ಅನಂತರ ತಲಾಠಿಯ ಕೈಬರಹದಲ್ಲಿದ್ದ ಪಹಣಿಗಳನ್ನು ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ 2000ದ ಆಸುಪಾಸಿನಲ್ಲಿ ಗಣಕಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು 177 ತಾಲ್ಲೂಕು ಕೇಂದ್ರಗಳಲ್ಲಿ ಸಿಗುವಂತಾದವು. ಅಷ್ಟೂ ದಾಖಲೆಗಳು ಇರುವುದು ಡಿಸ್ಕಿನಲ್ಲಿ, ಅಂದರೆ ದಫ್ತರದ ಕೋಣೆಯಲ್ಲಿ. ರೈತನೊಬ್ಬ ಕೇಳಿದ ಸರ್ವೆ ನಂಬರಿನ ಉತಾರವನ್ನು ತೆರೆದಾಗ ಆ ಒಂದು ದಾಖಲೆ ಮಾತ್ರ ಡಿಸ್ಕಿನಿಂದ ರ‍್ಯಾಮಿಗೆ, ಎಂದರೆ ದಫ್ತರದಿಂದ ಗುಮಾಸ್ತನ ಮೇಜಿಗೆ ಬರುತ್ತದೆ. ಮೇಜು ದೊಡ್ಡದಿದ್ದಷ್ಟೂ ಹೆಚ್ಚು ಕಾಗದಗಳನ್ನು ಒಮ್ಮೆಗೆ ಹರಡಿಕೊಳ್ಳಬಹುದು. ಮೇಜಿನ ಒಂದು ಬದಿಗೆ ಕೈ ಎಟುಕದಿದ್ದರೆ ಮೇಜು ಎಷ್ಟೇ ಅಗಲವಾಗಿದ್ದರೂ ಕೆಲಸ ನಿಧಾನವಾಗುತ್ತದೆ. ಹಾಗೆ ಕೈ ಎಟುಕದ ಬದಿಯೇ ಈ ಉಪನ್ಯಾಸದ ವಸ್ತು.

ಡಿಸ್ಕಿಗೂ ರ‍್ಯಾಮಿಗೂ ಒಂದೇ ಹೆಸರನ್ನು ಬಳಸುವುದರಿಂದ ಹುಟ್ಟುವ ತಪ್ಪು ಉತ್ತರವೊಂದನ್ನು ಇಲ್ಲಿಯೇ ಬದಿಗಿಡಬೇಕು. 500 ಗಿಗಾಬೈಟ್ ಎಂದು ಮಾರಾಟವಾಗುವ ಡಿಸ್ಕು ಪರದೆಯ ಮೇಲೆ 465 ಎಂದು ಕಾಣಿಸುವುದಕ್ಕೆ ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ ತಂತ್ರಾಂಶವು 1,024ರ ಲೆಕ್ಕದಲ್ಲಿಯೂ ಎಣಿಸುವುದೇ ಕಾರಣ. ರ‍್ಯಾಮನ್ನು ತಯಾರಿಸುವವರೂ ಎಣಿಸುವವರೂ 1,024ರ ಲೆಕ್ಕವನ್ನೇ ಬಳಸುವುದರಿಂದ, ರ‍್ಯಾಮಿನ ಕೊರತೆಗೆ ಈ ವಿವರಣೆ ಹೊಂದುವುದಿಲ್ಲ.

ಸಂಖ್ಯೆಯಿಲ್ಲದ್ದು ಲೆಕ್ಕಕ್ಕಿಲ್ಲ

ರ‍್ಯಾಮ್ ಎಂಬುದು ಒಂದೇ ಅಳತೆಯ ಅಸಂಖ್ಯ ಮನೆಗಳ ಸಾಲು. ಪ್ರತಿ ಮನೆಯಲ್ಲಿ ಒಂದು ಬೈಟ್, ಎಂದರೆ ಸೊನ್ನೆ ಅಥವಾ ಒಂದು ಎಂಬ, ಬಿಟ್ ಎನಿಸಿಕೊಳ್ಳುವ ಎಂಟು ಗುರುತುಗಳ ಒಂದು ಗುಂಪು, ಇರುತ್ತದೆ. ‘ಸವಣೂರು’ ಎಂಬ ಹೆಸರು ಓದುವವನಿಗೆ ನಾಲ್ಕು ಅಕ್ಷರ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ದೀರ್ಘ ಮತ್ತು ಕೊಂಬುಗಳನ್ನು ಬೇರೆಯಾಗಿ ಎಣಿಸುವುದರಿಂದ ಅದು ಆರು ಸಂಕೇತಗಳಾಗುತ್ತದೆ. ಯುಟಿಎಫ್-8 ಎಂಬ ರೂಢಿಯ ಬರಹಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ ಒಟ್ಟು 18 ಮನೆಗಳನ್ನು ತುಂಬುತ್ತದೆ. ಆ 18 ಮನೆಗಳಿಗೂ ಒಂದೊಂದು ಕ್ರಮಸಂಖ್ಯೆ ಇದ್ದೇ ತೀರಬೇಕು, ಏಕೆಂದರೆ ಲೆಕ್ಕ ಮಾಡುವ ಭಾಗವಾದ ಪ್ರೊಸೆಸರ್ ಯಾವ ಮನೆಯನ್ನೂ ಅದರ ಸಂಖ್ಯೆಯಿಂದಲ್ಲದೆ ಬೇರೆ ರೀತಿಯಲ್ಲಿ ಕರೆಯಲಾರದು. ಈ ಸಂಖ್ಯೆಗೆ ವಿಳಾಸವೆಂದು ಹೆಸರು.

ವಿಳಾಸವನ್ನು ಪ್ರೊಸೆಸರಿನಿಂದ ಮೆಮೊರಿಯ ಕಡೆಗೆ ಒಯ್ಯುವ ತಂತಿಗಳ ಎಣಿಕೆಯಿಂದಲೇ ಎಷ್ಟು ಮನೆಗಳನ್ನು ಕರೆಯಬಹುದೆಂಬುದು ತೀರ್ಮಾನವಾಗುತ್ತದೆ. ಒಂದು ತಂತಿಯಿದ್ದರೆ ಎರಡು ಮನೆ, ಎರಡಿದ್ದರೆ ನಾಲ್ಕು, ಮೂರಿದ್ದರೆ ಎಂಟು. ಹೀಗೆ ಪ್ರತಿ ತಂತಿಯೂ ಹಿಂದಿನದನ್ನು ಇಮ್ಮಡಿಸುತ್ತ ಹೋಗಿ, 20 ತಂತಿಗಳಿಗೆ 10,48,576 ಮನೆಗಳು, ಎಂದರೆ 1 ಮೆಗಾಬೈಟ್ ಆಗುತ್ತದೆ. 32 ತಂತಿಗಳಿಗೆ 429 ಕೋಟಿ 49 ಲಕ್ಷ 67 ಸಾವಿರದ 296 ಮನೆಗಳು, ಎಂದರೆ 4 ಗಿಗಾಬೈಟ್ ಆಗುತ್ತದೆ. 33ನೆಯ ತಂತಿಯಿಲ್ಲದ ಯಂತ್ರದಲ್ಲಿ 8 ಗಿಗಾಬೈಟ್ ಹಾಕಿದರೆ ಹೆಚ್ಚುವರಿ 4 ಗಿಗಾಬೈಟ್ ಸರ್ವೆ ನಂಬರು ಬೀಳದ ಹೊಲದಂತೆ ಉಳಿಯುತ್ತದೆ: ಮಣ್ಣು ಅಲ್ಲಿಯೇ ಇದೆ, ಯಾವ ಬರಹವೂ ಅದನ್ನು ಮುಟ್ಟುವುದಿಲ್ಲ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಮೀಸಲಿಟ್ಟ 128 ಸ್ಥಾನಗಳು ಇಂದಿಗೂ ಪೂರ್ತಿ ತುಂಬಿಲ್ಲವಾದ್ದರಿಂದ ಅಲ್ಲಿ ಅಕ್ಷರವಿಲ್ಲದ ಸಂಖ್ಯೆಗಳು ಉಳಿದಿವೆ. ಇಲ್ಲಿ ಅದಕ್ಕೆ ತಿರುಗುಮುರುಗಾಗಿ ಸಂಖ್ಯೆಯಿಲ್ಲದ ಮನೆಗಳು ಉಳಿಯುತ್ತವೆ.

‘ಬ’ ಖರಾಬು: ಸಾಧನಗಳಿಗೆ ಹೋದ ಸಂಖ್ಯೆಗಳು

32 ತಂತಿಗಳ ಯಂತ್ರಕ್ಕೆ ಸರಿಯಾಗಿ 4 ಗಿಗಾಬೈಟ್ ಹಾಕಿದಾಗಲೂ ಅಷ್ಟು ಸಿಗದೆ ಮೂರು, ಮೂರೂವರೆಯ ನಡುವೆ ನಿಲ್ಲುವುದಕ್ಕೆ ಬೇರೊಂದು ಕಾರಣವಿದೆ. ಪ್ರೊಸೆಸರ್ ಮಾತಾಡಬೇಕಾದದ್ದು ರ‍್ಯಾಮಿನೊಡನೆ ಮಾತ್ರವಲ್ಲ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು, ಜಾಲಕ್ಕೆ ಜೋಡಿಸುವ ಕಾರ್ಡು, ಡಿಸ್ಕಿನ ನಿಯಂತ್ರಕ, ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ಮೂಲ ತಂತ್ರಾಂಶವಿರುವ ಚಿಪ್ಪು ಇವೆಲ್ಲವನ್ನೂ ಅದು ಕರೆಯಬೇಕು. ಕರೆಯಲು ಅದಕ್ಕೆ ಗೊತ್ತಿರುವ ಮುಖ್ಯ ಮಾರ್ಗವೂ ಆ ಸಂಖ್ಯೆಗಳೇ ಆದ್ದರಿಂದ, ಸಾಧನಗಳಿಗೂ ಅದೇ ಸಾಲಿನಿಂದ ಸಂಖ್ಯೆಗಳನ್ನು ಹಂಚಬೇಕಾಗುತ್ತದೆ, ಹಾಗೆ ಹಂಚಿದ ಸಂಖ್ಯೆಯನ್ನು ರ‍್ಯಾಮಿನ ಮನೆಗೆ ಮತ್ತೆ ಕೊಡಲಾಗುವುದಿಲ್ಲ. ಒಂದೇ ಸರ್ವೆ ನಂಬರು ಎರಡು ಹೊಲಗಳಿಗೆ ಬಿದ್ದರೆ ಆಗುವ ಅನರ್ಥವೇ ಇಲ್ಲಿಯೂ ಆಗುತ್ತದೆ.

ಹಂಚಿಕೆ ಸಾಲಿನ ತುದಿಯಲ್ಲಿ ನಡೆಯುವುದಕ್ಕೂ ಇತಿಹಾಸವಿದೆ. ಇಂಟೆಲ್ ಸಂಸ್ಥೆ 1978ರಲ್ಲಿ ಹೊರತಂದ 8086 ಎಂಬ ಪ್ರೊಸೆಸರಿಗೆ 20 ವಿಳಾಸ ತಂತಿಗಳಿದ್ದವು. ವಿದ್ಯುತ್ ಬಂದೊಡನೆ ಅದು ಮೊದಲ ಆಜ್ಞೆಯನ್ನು ಹುಡುಕುತ್ತಿದ್ದುದು 1 ಮೆಗಾಬೈಟಿನ ಕೊನೆಗೆ 16 ಮನೆಗಳಷ್ಟೇ ಉಳಿದಿರುವ ಜಾಗದಲ್ಲಿ. ಹೀಗಾಗಿ ಬಯೋಸ್ ಚಿಪ್ಪು ಸಾಲಿನ ತುತ್ತತುದಿಯಲ್ಲಿಯೇ ಇರಬೇಕಾಯಿತು. ಅದರ ಸೋದರ ಪ್ರೊಸೆಸರಾದ 8088ನ್ನು ಬಳಸಿ ಐಬಿಎಂ 1981ರಲ್ಲಿ ಪರ್ಸನಲ್ ಕಂಪ್ಯೂಟರನ್ನು ರೂಪಿಸಿದಾಗ 640 ಕಿಲೋಬೈಟ್ ಮಾತ್ರ ತಂತ್ರಾಂಶಗಳ ಬಳಕೆಗೆ ಉಳಿದು, ಮೇಲಿನ 384 ಕಿಲೋಬೈಟ್‌ಗಳ ವಿಳಾಸಗಳು ಪರದೆಗೂ ಬಯೋಸಿಗೂ ಮೀಸಲಾದವು. ಆ ಯಂತ್ರ ಮಾರಾಟವಾಗುತ್ತಿದ್ದುದು 16 ಕಿಲೋಬೈಟಿನ ಮೂಲ ಮೆಮೊರಿಯೊಡನೆ. ಅದರ ನಲವತ್ತು ಪಟ್ಟಾದ 640 ಕಿಲೋಬೈಟ್ ಎಂದಾದರೂ ಸಾಲದೆ ಬಂದೀತೆಂಬ ಚಿಂತೆಗೆ ಆಗ ಎಡೆಯಿರಲಿಲ್ಲ. 1985ರಲ್ಲಿ ಬಂದ 80386 ಪ್ರೊಸೆಸರಿಗೆ 32 ತಂತಿಗಳ ವ್ಯಾಪ್ತಿ ಸಿಕ್ಕಿತು, ಆದರೆ ರೂಢಿ ಬದಲಾಗಲಿಲ್ಲ: ಮೊದಲ ಆಜ್ಞೆಯ ಜಾಗ 4 ಗಿಗಾಬೈಟಿಗೆ 16 ಮನೆ ಕಡಿಮೆಯಿರುವಲ್ಲಿಗೆ ಸರಿಯಿತು, ಬಯೋಸ್ ಅದರ ಹಿಂದೆ ಹೋಯಿತು, ಉಳಿದ ಸಾಧನಗಳು ಬಯೋಸಿನ ಪಕ್ಕದಲ್ಲಿ ನೆಲೆಯೂರಿದವು. ಊರಿನ ಜನ ಮುಟ್ಟದಷ್ಟು ದೂರದ ಗಡಿಯಲ್ಲಿ ದಾರಿಗೂ ಹಳ್ಳಕ್ಕೂ ನೆಲ ಬಿಟ್ಟಂತೆ ಅದು ಆ ಕಾಲಕ್ಕೆ ಯಾರಿಗೂ ತೊಡಕಾಗಲಿಲ್ಲ. ಇಪ್ಪತ್ತು ವರ್ಷಗಳ ಅನಂತರ ಮನೆಬಳಕೆಯ ಯಂತ್ರಗಳಲ್ಲಿಯೇ 4 ಗಿಗಾಬೈಟ್ ಬಂದು ಸಾಗುವಳಿ ಆ ಗಡಿಯನ್ನು ಮುಟ್ಟಿದಾಗ ಖರಾಬು ಕಣ್ಣಿಗೆ ಬಿದ್ದಿತು.

ಇದರ ಪ್ರಮಾಣವನ್ನು ಗುಣಾಕಾರದಿಂದಲೇ ತಿಳಿಯಬಹುದು. ಪಿಸಿಐ ಎಕ್ಸ್‌ಪ್ರೆಸ್ ಎಂಬ ಜೋಡಣೆಯ ಪದ್ಧತಿಯಲ್ಲಿ 256 ಬಸ್ಸುಗಳು, ಎಂದರೆ ಸಂಪರ್ಕದ ಹಾದಿಗಳು, ಪ್ರತಿ ಬಸ್ಸಿನ ಮೇಲೆ 32 ಸಾಧನಗಳು, ಪ್ರತಿ ಸಾಧನಕ್ಕೆ 8 ಕಾರ್ಯಗಳು ಇರಬಹುದೆಂದು ಎಣಿಸಿ, ಒಂದೊಂದಕ್ಕೆ 4 ಕಿಲೋಬೈಟಿನ ವಿವರಪುಟವನ್ನು ಗೊತ್ತುಮಾಡಲಾಗಿದೆ. ಗುಣಿಸಿದರೆ 256 ಮೆಗಾಬೈಟ್. ಅಷ್ಟು ಸಾಧನಗಳು ಯಂತ್ರದಲ್ಲಿ ಇಲ್ಲದಿದ್ದರೂ ಪೂರ್ಣ ವ್ಯಾಪ್ತಿಯನ್ನು ಕಾಯ್ದಿರಿಸುವ ಯಂತ್ರಗಳಲ್ಲಿ ಆ ಸಂಖ್ಯೆಗಳಷ್ಟೂ ಹೋದಂತೆಯೇ. ಗ್ರಾಫಿಕ್ಸ್ ಕಾರ್ಡು ತನ್ನ ಸ್ವಂತ ಮೆಮೊರಿಯನ್ನು ಪ್ರೊಸೆಸರಿಗೆ ತೋರಿಸಲು ತೆರೆಯುವ ಕಿಟಕಿಗೆ ಇನ್ನೊಂದು 256 ಮೆಗಾಬೈಟ್ ಹೋಯಿತೆನ್ನೋಣ. ಇತರ ಸಾಧನಗಳಿಗೂ ಗಡಿಯನ್ನು ಸಮವಾಗಿ ಹೊಂದಿಸಲು ಬಿಟ್ಟ ತೆರಪಿಗೂ ಸೇರಿ ಮತ್ತೊಂದು 256. ಆಗ 4,096ರಲ್ಲಿ 768 ಕಳೆದು 3,328 ಮೆಗಾಬೈಟ್ ಉಳಿಯುತ್ತದೆ, ಅದೇ ಪರದೆಯ ಮೇಲೆ ಕಾಣುವ 3.25 ಗಿಗಾಬೈಟ್. ದೊಡ್ಡ ಕಿಟಕಿ ಬೇಡುವ ಗ್ರಾಫಿಕ್ಸ್ ಕಾರ್ಡನ್ನು ಹಾಕಿದ ಮೇಲೆ ರ‍್ಯಾಮ್ ಇನ್ನಷ್ಟು ಕಡಿಮೆಯಾಗಿ ಕಾಣುವುದು ಈ ಕಾರಣದಿಂದಲೇ.

ಉತಾರದ ಹೋಲಿಕೆ ಇಲ್ಲಿ ಒಂದು ಹೆಜ್ಜೆ ತಪ್ಪುತ್ತದೆಂಬುದನ್ನು ಗಮನಿಸಬೇಕು. ‘ಬ’ ಖರಾಬಿನ ದಾರಿ ನಿಜವಾಗಿಯೂ ಆ ಹೊಲದ ಮಣ್ಣಿನ ಮೇಲೆಯೇ ಹಾಯುತ್ತದೆ; ಗಣಕದಲ್ಲಿ ಸಾಧನಗಳು ರ‍್ಯಾಮಿನ ಮನೆಗಳಲ್ಲಿ ವಾಸಿಸುವುದಿಲ್ಲ, ಆ ಮನೆಗಳಿಗೆ ಸಿಗಬೇಕಾಗಿದ್ದ ಸಂಖ್ಯೆಗಳನ್ನು ಮಾತ್ರ ಪಡೆದಿರುತ್ತವೆ. 768 ಮೆಗಾಬೈಟ್ ರ‍್ಯಾಮ್ ಯಾರ ಉಪಯೋಗಕ್ಕೂ ಇಲ್ಲದೆ ಬೀಳು ಬಿದ್ದಿರುತ್ತದೆ. ಬೀಳು ನೆಲಕ್ಕೆ ಹೊಸ ನಂಬರು ಕೊಟ್ಟರೆ ಅದು ಸಾಗುವಳಿಗೆ ಬಂದೀತೆಂಬ ಮುಂದಿನ ಆಲೋಚನೆ ಹುಟ್ಟುವುದು ಈ ಭೇದದಿಂದ.

ಹೊಸ ನಂಬರು ಕೊಡುವ ಕ್ರಮ

ಇಂಟೆಲ್ 1995ರಲ್ಲಿ ಹೊರತಂದ ಪೆಂಟಿಯಮ್ ಪ್ರೊ ಎಂಬ ಪ್ರೊಸೆಸರಿಗೆ 36 ವಿಳಾಸ ತಂತಿಗಳನ್ನು ಕೊಟ್ಟು, 64 ಗಿಗಾಬೈಟ್‌ವರೆಗೆ ಕೈಚಾಚುವ ಪಿಎಇ ಎಂಬ ಉಪಾಯವನ್ನು ಸೇರಿಸಿತು. ಎಎಂಡಿ ಸಂಸ್ಥೆ 2003ರಲ್ಲಿ ಆಪ್ಟೆರಾನ್ ಮತ್ತು ಅಥ್ಲಾನ್ 64 ಪ್ರೊಸೆಸರುಗಳ ಮೂಲಕ 64 ಬಿಟ್ಟಿನ ಪದ್ಧತಿಯನ್ನು ಮನೆಬಳಕೆಯ ಯಂತ್ರಗಳಿಗೆ ತಂದಿತು. 64 ಎಂಬುದು ಲೆಕ್ಕದ ಅಗಲವೇ ಹೊರತು ತಂತಿಗಳ ಎಣಿಕೆಯಲ್ಲ, ಮೊದಲ ಆಪ್ಟೆರಾನಿನಲ್ಲಿ ರ‍್ಯಾಮನ್ನು ಕರೆಯುವ ವಿಳಾಸದ ಉದ್ದ 40 ಬಿಟ್ಟು ಮಾತ್ರ. ಆದರೂ 40 ಬಿಟ್ಟುಗಳೆಂದರೆ 1,024 ಗಿಗಾಬೈಟ್ ಆಗುವುದರಿಂದ ಸಂಖ್ಯೆಗಳ ಬರ ಅಲ್ಲಿಗೆ ತೀರಿತೆಂದೇ ಹೇಳಬಹುದು.

ಸಂಖ್ಯೆಗಳು ಹೇರಳವಾದ ಮೇಲೆ ಬೀಳುಬಿದ್ದ ಭಾಗಕ್ಕೆ 4 ಗಿಗಾಬೈಟಿನ ಆಚೆಯ ಹೊಸ ಸಂಖ್ಯೆಗಳನ್ನು ಕೊಡುವುದು ಸಾಧ್ಯವಾಯಿತು. ಇದಕ್ಕೆ ಮೆಮೊರಿ ರೀಮ್ಯಾಪ್ ಎಂದು ಹೆಸರು; ಬಯೋಸಿನ ಆಯ್ಕೆಗಳ ಪಟ್ಟಿಯಲ್ಲಿ ಹಲವು ಯಂತ್ರಗಳಲ್ಲಿ ಅದು ಇದೇ ಹೆಸರಿನಿಂದ ಕಾಣುತ್ತದೆ. ಆದರೆ ಹೊಸ ನಂಬರು ಚಾಲ್ತಿಗೆ ಬರಲು ಮೂರು ಕಡೆಯ ಒಪ್ಪಿಗೆ ಬೇಕು: ಪ್ರೊಸೆಸರಿಗೆ ಅಷ್ಟು ಉದ್ದದ ವಿಳಾಸ ಗೊತ್ತಿರಬೇಕು, ಹಳೆಯ ಯಂತ್ರಗಳಲ್ಲಿ ಪ್ರೊಸೆಸರಿಗೂ ಮೆಮೊರಿಗೂ ನಡುವೆ ನಿಂತು ಸಂಚಾರ ನಡೆಸುವ ಚಿಪ್‌ಸೆಟ್‌ಗೆ ಅದು ಗೊತ್ತಿರಬೇಕು, ಆಪರೇಟಿಂಗ್ ಸಿಸ್ಟಮ್ ಎಂಬ ಕಾರ್ಯಾಚರಣೆಯ ತಂತ್ರಾಂಶಕ್ಕೂ ಗೊತ್ತಿರಬೇಕು. ಒಬ್ಬರು ಹಿಂಜರಿದರೂ ಉಳಿದಿಬ್ಬರ ಸಾಮರ್ಥ್ಯ ವ್ಯರ್ಥ. ಇಂಟೆಲಿನ 945 ಸರಣಿಯ ಚಿಪ್‌ಸೆಟ್ ಇದ್ದ ಯಂತ್ರಗಳಲ್ಲಿ 64 ಬಿಟ್ಟಿನ ಕೋರ್ 2 ಡ್ಯೂಯೊ ಪ್ರೊಸೆಸರನ್ನು ಕೂಡಿಸಿ, 64 ಬಿಟ್ಟಿನ ಕಾರ್ಯಾಚರಣೆಯ ತಂತ್ರಾಂಶವನ್ನೇ ಹಾಕಿದರೂ ಮೂರೂ ಚಿಲ್ಲರೆ ಗಿಗಾಬೈಟಿಗಿಂತ ಹೆಚ್ಚು ಸಿಗದಿದ್ದುದಕ್ಕೆ ಆ ಚಿಪ್‌ಸೆಟ್ 4 ಗಿಗಾಬೈಟಿನ ಆಚೆಗೆ ವಿಳಾಸ ಕಳಿಸದಿದ್ದುದೇ ಕಾರಣವಾಗಿತ್ತು. ಶಾಲೆ, ಕಾಲೇಜು, ಕಚೇರಿಗಳಲ್ಲಿ ಇನ್ನೂ ಓಡುತ್ತಿರುವ ಆ ಕಾಲದ ಯಂತ್ರಕ್ಕೆ ಹಣ ಹಾಕಿ ಮೆಮೊರಿ ಹೆಚ್ಚಿಸುವ ಮುನ್ನ ಈ ನಡುವಿನವನ ಹೆಸರನ್ನು ವಿಚಾರಿಸುವುದು ಒಳ್ಳೆಯದು.

ಪರವಾನಗಿಯ ಗಡಿ

ಯಂತ್ರಕ್ಕೆ ಸಾಮರ್ಥ್ಯವಿದ್ದೂ ಕಾರ್ಯಾಚರಣೆಯ ತಂತ್ರಾಂಶ ತಾನಾಗಿ ಗೆರೆ ಎಳೆಯುವ ಸಂದರ್ಭಗಳು ಇನ್ನೊಂದು ಬಗೆಯವು. 32 ಬಿಟ್ಟಿನ ವಿಂಡೋಸ್ ಎಕ್ಸ್‌ಪಿ ತಂತ್ರಾಂಶವು 2004ರ ಎರಡನೆಯ ಸರ್ವಿಸ್ ಪ್ಯಾಕಿನ ಅನಂತರ ಪಿಎಇ ಪದ್ಧತಿಯಲ್ಲಿ ಓಡಬಲ್ಲದಾಗಿದ್ದರೂ 4 ಗಿಗಾಬೈಟಿನ ಆಚೆಯ ವಿಳಾಸಗಳನ್ನು ಬೇಕೆಂದೇ ಬಿಟ್ಟುಬಿಡುತ್ತಿತ್ತು. ಸಾಧನಗಳನ್ನು ನಡೆಸುವ ಡ್ರೈವರ್ ಎಂಬ ಚಿಕ್ಕ ತಂತ್ರಾಂಶಗಳಲ್ಲಿ ಎಷ್ಟೋ ಅಷ್ಟು ಉದ್ದದ ವಿಳಾಸವನ್ನು ಕಾಣದೆ ಬರೆದವಾಗಿದ್ದು, ಅಂಥ ವಿಳಾಸ ಎದುರಾದಾಗ ತಪ್ಪು ಮನೆಗೆ ಬರೆದು ಯಂತ್ರವನ್ನೇ ನಿಲ್ಲಿಸುತ್ತಿದ್ದುದರಿಂದ, ಮನೆಬಳಕೆಯ ಆವೃತ್ತಿಯಲ್ಲಿ ಮೆಮೊರಿಗಿಂತ ಸ್ಥಿರತೆಗೆ ಬೆಲೆ ಕೊಡಲಾಯಿತು. ಅದೇ ಕಾಲದ 32 ಬಿಟ್ಟಿನ ಸರ್ವರ್ ಆವೃತ್ತಿಗಳಲ್ಲಿ ಕೆಲವು ಪಿಎಇ ಮೂಲಕ 4 ಗಿಗಾಬೈಟಿನ ಗಡಿಯನ್ನು ಬಹಳ ದೂರ ದಾಟುತ್ತಿದ್ದವು; ಲಿನಕ್ಸ್ ತಂತ್ರಾಂಶವೂ ದಾಟುತ್ತಿತ್ತು.

ಇನ್ನು ಕೆಲವು ಗಡಿಗಳು ಶುದ್ಧ ವ್ಯಾಪಾರದವು. 2009ರಲ್ಲಿ ಬಂದ ವಿಂಡೋಸ್ 7 ತಂತ್ರಾಂಶದ 64 ಬಿಟ್ಟಿನ ಹೋಮ್ ಬೇಸಿಕ್ ಆವೃತ್ತಿ 8 ಗಿಗಾಬೈಟಿಗೂ, ಹೋಮ್ ಪ್ರೀಮಿಯಂ 16ಕ್ಕೂ ನಿಲ್ಲುತ್ತಿದ್ದು, ಪ್ರೊಫೆಷನಲ್ ಆವೃತ್ತಿ 192 ಗಿಗಾಬೈಟ್‌ವರೆಗೆ ಎಣಿಸುತ್ತಿತ್ತು. ಸ್ಟಾರ್ಟರ್ ಎಂಬ ಅಗ್ಗದ ಆವೃತ್ತಿ 2 ಗಿಗಾಬೈಟಿಗೇ ಕೈಚೆಲ್ಲುತ್ತಿತ್ತು. ಒಂದೇ ಯಂತ್ರ, ಒಂದೇ ಪಟ್ಟಿಗಳು, ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಬೇರೆ. ಇಂಥಲ್ಲಿ ಪಟ್ಟಿಯನ್ನು ಎಷ್ಟು ಸಲ ಕಿತ್ತು ಹಾಕಿದರೂ ಫಲವಿಲ್ಲ.

ಕಾರ್ಯಾಚರಣೆಯ ತಂತ್ರಾಂಶ ಗುರುತಿಸಿದ ಮೆಮೊರಿಯೂ ಪ್ರತಿಯೊಂದು ತಂತ್ರಾಂಶಕ್ಕೆ ಪೂರ್ತಿಯಾಗಿ ಸಿಗುತ್ತದೆಂದೇನೂ ಇಲ್ಲ. 32 ಬಿಟ್ಟಿಗಾಗಿ ಬರೆದ ತಂತ್ರಾಂಶವನ್ನು 64 ಬಿಟ್ಟಿನ ವಿಂಡೋಸ್‌ನಲ್ಲಿ ಓಡಿಸಿದರೆ ಅದಕ್ಕೆ ಸಾಮಾನ್ಯವಾಗಿ 2 ಗಿಗಾಬೈಟ್, ವಿಶೇಷ ಗುರುತು ಹಾಕಿದ್ದರೆ 4 ಗಿಗಾಬೈಟ್ ಸಿಗುತ್ತದೆ. ಅತಿ ದೊಡ್ಡ ಯಂತ್ರಗಳಲ್ಲಿಯೂ ಈ ಪ್ರಶ್ನೆ ಬೇರೆ ರೂಪದಲ್ಲಿ ಉಳಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ನೆಲೆಗೊಂಡ ಸಹಸ್ರಟಿ ಎಂಬ ಕ್ರೇ ಸೂಪರ್ ಕಂಪ್ಯೂಟರಿನಂಥ ವ್ಯವಸ್ಥೆಗಳಲ್ಲಿ ನೋಡ್ ಎಂಬ ಬಿಡಿ ಗಣಕಗಳು ನೂರಾರು ಸಂಖ್ಯೆಯಲ್ಲಿ ಕೂಡಿ ಕೆಲಸ ಮಾಡುತ್ತವೆ. ಪ್ರತಿ ನೋಡಿಗೂ ತನ್ನ ಮೆಮೊರಿಯೇ ತನಗೆ ಊರು, ನೆರೆಯ ನೋಡಿನಲ್ಲಿರುವುದನ್ನು ಅದು ಸಂದೇಶ ಕಳಿಸಿ ತರಿಸಿಕೊಳ್ಳಬೇಕು.

‘ಅ’ ಖರಾಬು: ಕಣವೂ ಕರಲೂ

ಹೊಲದ ಒಡೆಯನ ಕಣ ‘ಅ’ ಖರಾಬಿನಲ್ಲಿ ಸೇರುತ್ತದೆಂದು ಮೇಲೆ ಹೇಳಲಾಯಿತು. ಅದು ಅವನದೇ ನೆಲ, ಅವನದೇ ಕೆಲಸಕ್ಕೆ ಬೇಕಾದದ್ದು, ಬೆಳೆ ಮಾತ್ರ ಬರುವುದಿಲ್ಲ. ಗಣಕದಲ್ಲಿ ಇದಕ್ಕೆ ಸಮನಾದದ್ದು ಪ್ರೊಸೆಸರಿನೊಳಗೇ ಸೇರಿರುವ ಗ್ರಾಫಿಕ್ಸ್ ಭಾಗ. ಪ್ರತ್ಯೇಕ ಕಾರ್ಡಿನಂತೆ ಸ್ವಂತ ಮೆಮೊರಿ ಇಲ್ಲದಿರುವುದರಿಂದ ಅದು ರ‍್ಯಾಮಿನ ಒಂದು ಪಾಲನ್ನು ಯಂತ್ರ ಎದ್ದೇಳುವಾಗಲೇ ತನ್ನದಾಗಿಸಿಕೊಳ್ಳುತ್ತದೆ. ಆ ಪಾಲು ಕೆಲವು ಹತ್ತು ಮೆಗಾಬೈಟುಗಳಿಂದ 2 ಗಿಗಾಬೈಟ್‌ವರೆಗೆ ಇರಬಹುದಾಗಿದ್ದು, 8 ಗಿಗಾಬೈಟಿನ ಯಂತ್ರ 5.9 ಎಂದು ತೋರಿಸಿದಾಗ ಮೊದಲು ನೋಡಬೇಕಾದದ್ದು ಇದನ್ನೇ. ಇಲ್ಲಿ ಮೆಮೊರಿ ಬೀಳು ಬಿದ್ದಿಲ್ಲ, ದುಡಿಯುತ್ತಿದೆ; ಬಯೋಸಿನಲ್ಲಿ ಪಾಲನ್ನು ತಗ್ಗಿಸಬಹುದು, ತಗ್ಗಿಸಿದರೆ ಚಿತ್ರದ ಕೆಲಸಕ್ಕೆ ಅಷ್ಟು ಕೊರೆ ಬೀಳುತ್ತದೆ. ಮೆಮೊರಿಯ ಲೆಕ್ಕ ಬರೆದಿಡಲೂ ಮೆಮೊರಿ ಬೇಕು: ಲಿನಕ್ಸ್ ತಂತ್ರಾಂಶ 4,096 ಬೈಟುಗಳ ಪ್ರತಿ ಪುಟಕ್ಕೂ ಸಾಮಾನ್ಯವಾಗಿ 64 ಬೈಟುಗಳ ಖಾತೆಯನ್ನು ಇಡುವುದರಿಂದ 16 ಗಿಗಾಬೈಟಿನ ಯಂತ್ರದಲ್ಲಿ 256 ಮೆಗಾಬೈಟ್ ಖಾತೆಪುಸ್ತಕಕ್ಕೇ ಸಲ್ಲುತ್ತದೆ.

‘ಅ’ ಖರಾಬಿನ ಇನ್ನೊಂದು ಪಾಲು ನಿಜವಾಗಿಯೂ ಬೇಸಾಯಕ್ಕೆ ಬಾರದ ಕರಲು ನೆಲ. ಗಣಕದಲ್ಲಿ ಇದು ದೋಷದಿಂದ ಆಗುವ ಕೊರತೆ. ಯಂತ್ರಕ್ಕೆ ವಿದ್ಯುತ್ ಬಂದಾಗ ಬಯೋಸ್ ಪ್ರತಿ ರ‍್ಯಾಮ್ ಪಟ್ಟಿಯ ಮೇಲಿರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪನ್ನು ಓದುತ್ತದೆ. ಪಟ್ಟಿಯ ಗಾತ್ರ, ಸಾಲು, ಕಂಬ, ವೇಗಗಳ ವಿವರ ಅದರಲ್ಲಿ ಬರೆದಿರುತ್ತದೆ. ಆ ಬರಹಕ್ಕೆ ಅನುಗುಣವಾಗಿ ಪಟ್ಟಿಯೊಡನೆ ಮಾತಾಡಿ ನೋಡಿ, ಉತ್ತರ ಸರಿಯಾಗಿ ಬಾರದಿದ್ದರೆ ಎಷ್ಟೋ ಯಂತ್ರಗಳು ಆ ಪಟ್ಟಿಯನ್ನು ಬಿಟ್ಟು ಮುಂದೆ ಸಾಗುತ್ತವೆ. ಪಟ್ಟಿ ಸ್ಲಾಟಿನಲ್ಲಿ ಪೂರ್ತಿ ಕೂರದಿರುವುದು, ಹೊಳಪಿನ ಸಂಪರ್ಕಪಟ್ಟೆಗಳ ಮೇಲೆ ಧೂಳು ಅಥವಾ ಕಿಲುಬು ಕೂಡುವುದು, ಸ್ಲಾಟೇ ಕೆಟ್ಟಿರುವುದು, ಒಂದೊಂದು ಚಿಪ್ಪಿನ ಸಾಂದ್ರತೆ ಆ ಯಂತ್ರ ತಿಳಿದ ಮಿತಿಗಿಂತ ಹೆಚ್ಚಾಗಿರುವುದು ಇವೆಲ್ಲ ಪಟ್ಟಿಗೆ ಪಟ್ಟಿಯೇ ಕಾಣೆಯಾಗಲು ಕಾರಣಗಳು. ಎಎಂಡಿ 2003ರಲ್ಲಿಯೂ ಇಂಟೆಲ್ 2008ರಲ್ಲಿಯೂ ಮೆಮೊರಿಯ ನಿಯಂತ್ರಕವನ್ನು ಪ್ರೊಸೆಸರಿನೊಳಕ್ಕೆ ತಂದ ಮೇಲೆ ಇದಕ್ಕೆ ಇನ್ನೊಂದು ಕಾರಣ ಸೇರಿತು: ಪ್ರೊಸೆಸರ್ ಕೂರುವ ಜಾಗದ ಕೂದಲೆಳೆಯಂಥ ಪಿನ್ನೊಂದು ಬಾಗಿದರೂ ಅದಕ್ಕೆ ಸೇರಿದ ಸ್ಲಾಟುಗಳು ಮೌನವಾಗಬಹುದು.

ಅಂತರವನ್ನು ಓದುವ ಬಗೆ

ಕೊರತೆಯ ಅಂಕಿಯ ಆಕಾರವೇ ಕಾರಣದ ಸುಳಿವು ಕೊಡುತ್ತದೆಂಬುದು ಮೇಲಿನ ವಿವರಗಳಿಂದ ಹೊರಡುವ ಫಲಿತ. ಕಾಣೆಯಾದದ್ದು ಒಂದು ಪಟ್ಟಿಯ ಗಾತ್ರಕ್ಕೆ ಸರಿಯಾಗಿದ್ದರೆ ದೋಷ ಪಟ್ಟಿ, ಸ್ಲಾಟು, ಸಂಪರ್ಕಗಳಲ್ಲಿರುತ್ತದೆ. ವಿದ್ಯುತ್ ಸಂಪರ್ಕವನ್ನು ಕಿತ್ತು, ಪಟ್ಟಿಗಳನ್ನು ತೆಗೆದು, ಸಂಪರ್ಕಪಟ್ಟೆಗಳನ್ನು ಮೆದುವಾದ ರಬ್ಬರಿನಿಂದ ಉಜ್ಜಿ, ಒಂದೊಂದು ಪಟ್ಟಿಯನ್ನು ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿದರೆ ತಪ್ಪು ಯಾರದೆಂಬುದು ಹೊರಬೀಳುತ್ತದೆ. ಎಷ್ಟೇ ಹಾಕಿದರೂ ಲೆಕ್ಕ ಮೂರು, ನಾಲ್ಕು ಗಿಗಾಬೈಟ್‌ಗಳ ನಡುವೆ ನಿಂತರೆ ಸಂಖ್ಯೆಗಳ ಬರ; 32 ಬಿಟ್ಟಿನ ತಂತ್ರಾಂಶವೋ ಹಳೆಯ ಚಿಪ್‌ಸೆಟ್ಟೋ ಮುಚ್ಚಿದ ರೀಮ್ಯಾಪ್ ಆಯ್ಕೆಯೋ ಎಂದು ಆ ಕ್ರಮದಲ್ಲಿ ವಿಚಾರಿಸಬೇಕು. ಸರಿಯಾಗಿ 8 ಅಥವಾ 16ಕ್ಕೆ ನಿಂತರೆ ತಂತ್ರಾಂಶದ ಆವೃತ್ತಿಯ ಹೆಸರನ್ನು ನೋಡಬೇಕು. ಸಣ್ಣ ಚಿಲ್ಲರೆ ಮಾತ್ರ ಕಡಿಮೆಯಿದ್ದರೆ ಅದು ಗ್ರಾಫಿಕ್ಸ್ ಭಾಗದ ಕಣ, ಚಿಂತೆಗೆ ಕಾರಣವಿಲ್ಲ. ಇದರ ಜೊತೆಗೆ ವಿಂಡೋಸಿನ ಎಂಎಸ್‌ಕಾನ್ಫಿಗ್ ಎಂಬ ಹೊಂದಾಣಿಕೆಯ ಪುಟದಲ್ಲಿ ಗರಿಷ್ಠ ಮೆಮೊರಿ ಎಂಬ ಚೌಕಕ್ಕೆ ಯಾರೋ ಗುರುತು ಹಾಕಿ ತಾವೇ ಗೆರೆ ಎಳೆದಿರುವುದೂ ಉಂಟು. ಗುರುತನ್ನು ಅಳಿಸಿ ಯಂತ್ರವನ್ನು ಮತ್ತೆ ಎಬ್ಬಿಸಿದರೆ ಕಾಣೆಯಾದದ್ದು ಮರಳುತ್ತದೆ.

ವಿಂಡೋಸ್ ವಿಸ್ತಾ ತಂತ್ರಾಂಶದ ಇತಿಹಾಸದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಮೊದಲಿಗೆ ಅದು ಬಳಕೆಗೆ ಸಿಗುವ ಮೆಮೊರಿಯನ್ನೇ ಪರದೆಯ ಮೇಲೆ ತೋರಿಸುತ್ತಿತ್ತು. 2008ರ ಮೊದಲ ಸರ್ವಿಸ್ ಪ್ಯಾಕ್ ಬಂದ ಮೇಲೆ ಅದೇ ಜಾಗದಲ್ಲಿ ಕೂಡಿಸಿದ ಮೆಮೊರಿಯನ್ನು ತೋರಿಸತೊಡಗಿತು. ನಿನ್ನೆ 3.25 ಎಂದಿದ್ದ ಯಂತ್ರ ಇಂದು 4 ಎಂದಿತು, ಕೆಲಸಕ್ಕೆ ಸಿಗುವ ಮೆಮೊರಿಯಲ್ಲಿ ಒಂದು ಬೈಟೂ ಹೆಚ್ಚಲಿಲ್ಲ. ಕೊರತೆ ನೀಗಿತೆಂದು ಬಳಕೆದಾರ ಭಾವಿಸಲು ಮಾತ್ರ ಎಡೆಯಾಯಿತು. ಮುಂದೆ ವಿಂಡೋಸ್ 7 ಎರಡನ್ನೂ ಅಕ್ಕಪಕ್ಕ ಬರೆದು, ಯಂತ್ರಾಂಶಕ್ಕೆ ಮೀಸಲಾದ ಪಾಲನ್ನು ಬೇರೊಂದು ಪುಟದಲ್ಲಿ ತೋರಿಸುವ ಕ್ರಮ ತಂದಿತು. ಮುಂಬಯಿ ಪ್ರಾಂತದ ಭೂಮಾಪನ ಪದ್ಧತಿಗೆ ತಳಹದಿಯಾದ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಅವರ 1847ರ ಜಂಟಿ ವರದಿಯ ಕಾಲದಿಂದ ಬೆಳೆದು ಬಂದ ಭೂದಾಖಲೆಯ ಪರಂಪರೆ ಗಣಕಕ್ಕಿಂತ ಬಹಳ ಹಿಂದೆಯೇ ಅಂಥ ಅಂಕಣಗಳಿಗೆ ಒಗ್ಗಿಹೋಗಿತ್ತು. ಸವಣೂರು ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಧಾರವಾಡ ಜಿಲ್ಲೆಗೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಹಾವೇರಿ ಜಿಲ್ಲೆಯ ತಾಲ್ಲೂಕಾದರೂ, ಹೊಲವನ್ನು ಕೊಳ್ಳುವವನು ಉತಾರದಲ್ಲಿ ಬೆರಳಿಡುವ ಜಾಗ ಬದಲಾಗಿಲ್ಲ. ಒಟ್ಟು ವಿಸ್ತೀರ್ಣವನ್ನು ಅವನು ಓದುತ್ತಾನೆ, ಖರಾಬು ಯಾವುದರಲ್ಲಿ ಹೋಯಿತೆಂದು ತಲಾಠಿಯನ್ನು ಕೇಳುತ್ತಾನೆ, ಬೀಜ ಗೊಬ್ಬರ ತರುವಾಗ ಉಳಿದ ವಿಸ್ತೀರ್ಣದ ಮೇಲೆ ಲೆಕ್ಕ ಹಾಕುತ್ತಾನೆ. ಯಂತ್ರಕ್ಕೆ ಇನ್ನೊಂದು ರ‍್ಯಾಮ್ ಪಟ್ಟಿ ತರಲು ಹೊರಟವನೂ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಇದೇ ಕ್ರಮದಲ್ಲಿ ಎರಡು ಅಂಕಿಗಳನ್ನೂ ಅವುಗಳ ನಡುವಿನ ಬಾಬನ್ನೂ ಓದಿಕೊಂಡರೆ, ನಂಬರು ಬೀಳದ ಹೊಲಕ್ಕೆ ಹಣ ಕೊಟ್ಟು ಬರುವ ಪ್ರಸಂಗ ಒದಗುವುದಿಲ್ಲ.